ಫರ್ಮಾನಿನ ನಾಡಿಗೆ ಬಂದ ಸಂಸತ್ತು

ದೇವದುರ್ಗ ತಾಲೂಕಿನಲ್ಲಿ ಜಾಡಲದಿನ್ನಿ ಎಂಬ ಊರಿದೆ. ಬರೀ ಜಾಡಲದಿನ್ನಿ ಅಂದರೆ ಸಾಲದು, ಜಾಗೀರ ಜಾಡಲದಿನ್ನಿ ಅನ್ನಬೇಕು. ರಾಯಚೂರು ತಾಲೂಕಿನಲ್ಲಿ ಜಾಗೀರ ವೆಂಕಟಾಪುರ ಇದೆ. ಜಾಗೀರುಗಳು ರದ್ದಾಗಿ ಎಪ್ಪತ್ತೈದು ವರ್ಷ ದಾಟಿದರೂ ಊರ ಹೆಸರಿನಿಂದ ಆ ಪದ ಇಳಿದಿಲ್ಲ. ಈ ಸೀಮೆಯ ಮನೆತನಗಳ ಅಡ್ಡಹೆಸರುಗಳಲ್ಲೂ ಇಂಥದೇ ಗುರುತುಗಳಿವೆ: ಮಾಲಿಪಾಟೀಲ, ಪೊಲೀಸ್‌ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ. ಇವೆಲ್ಲ ಒಂದು ಕಾಲದ ಹುದ್ದೆಗಳು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೊಲಮನೆಯ ಹಾಗೆ ಇಳಿದುಬರುತ್ತಿದ್ದ ಸರ್ಕಾರ.

ಇಂದು ಅದೇ ಸೀಮೆಯ ಮಸರಕಲ್‌ನಲ್ಲಿ ಗ್ರಾಮ ಪಂಚಾಯಿತಿ ಇದೆ. ಊರವರು ಓಟು ಹಾಕಿ ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ತಮ್ಮೊಳಗಿಂದ ಅಧ್ಯಕ್ಷರನ್ನು ಆರಿಸುತ್ತಾರೆ, ಬೇಡವಾದರೆ ಅವಿಶ್ವಾಸ ತಂದು ಇಳಿಸುತ್ತಾರೆ. ರಾಜನಿಲ್ಲದ ದೇಶದಲ್ಲಿ, ಆಯ್ಕೆಯಾದ ಸಭೆಯ ಬೆಂಬಲ ಇರುವಷ್ಟು ದಿನ ಮಾತ್ರ ಆಳುವವರು ಕುರ್ಚಿಯಲ್ಲಿರಬೇಕು ಎಂಬ ಈ ಏರ್ಪಾಡಿಗೆ ಸಂಸದೀಯ ಗಣರಾಜ್ಯ ಎಂದು ಹೆಸರು. ಅದು ಯುರೋಪಿನಲ್ಲಿ ಬೆಳೆದ ಪದ್ಧತಿ. ಕೃಷ್ಣಾ ನದಿಯ ದಂಡೆಯ ಈ ತಾಲೂಕಿಗೆ ಅದು ಬಂದ ದಾರಿ ಮೈಸೂರು, ಮಂಗಳೂರು, ಧಾರವಾಡಗಳಿಗೆ ಬಂದ ದಾರಿಗಿಂತ ಬೇರೆ. ಸಂವಿಧಾನ ಬರೆದ ಸಭೆಯಲ್ಲಿ ಆ ಮೂರೂ ಕಡೆಯ ಕನ್ನಡಿಗರಿಗೆ ಪ್ರತಿನಿಧಿಗಳಿದ್ದರು. ರಾಯಚೂರಿನವರಿಗೆ ಒಬ್ಬರೂ ಇರಲಿಲ್ಲ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ್ ಎನ್ನುತ್ತವೆ. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಇದಕ್ಕಾಗಿ ಮತ್ತೆ ಮತ್ತೆ ಯುದ್ಧ ಮಾಡಿದರು. ಹದಿನೆಂಟನೆಯ ಶತಮಾನದಲ್ಲಿ ಇದು ಹೈದರಾಬಾದಿನ ನಿಜಾಮರ ಪಾಲಿಗೆ ಬಂತು. 1853ರಲ್ಲಿ ನಿಜಾಮ ಸರ್ಕಾರ ಸಾಲದ ಲೆಕ್ಕಕ್ಕೆ ಬೀರಾರದ ಜೊತೆಗೆ ದೋಆಬನ್ನೂ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿಟ್ಟಿತು. 1857–58ರ ದಂಗೆಯಲ್ಲಿ ಪಕ್ಕದ ಸುರಪುರದ ಬೇಡರ ದೊರೆ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತು ಸೋತ. ದಂಗೆಯಲ್ಲಿ ತಮ್ಮ ಕಡೆಗಿದ್ದ ನಿಜಾಮರಿಗೆ ಬ್ರಿಟಿಷರು 1860ರಲ್ಲಿ ಸುರಪುರವನ್ನು ಕೊಟ್ಟು, ದೋಆಬನ್ನೂ ಹಿಂದಿರುಗಿಸಿದರು. ಏಳು ವರ್ಷದಲ್ಲಿ ಎರಡು ಸಲ ಒಡೆತನ ಬದಲಾಯಿತು. ಎರಡೂ ಸಲ ಈ ನೆಲದ ಜನರನ್ನು ಯಾರೂ ಕೇಳಲಿಲ್ಲ.

ಆಗ ಹೈದರಾಬಾದಿನ ದಿವಾನನಾಗಿದ್ದವನು ಮೊದಲನೆಯ ಸಾಲಾರ್ ಜಂಗ್. 1865ರಲ್ಲಿ ಅವನು ರಾಜ್ಯವನ್ನು ಜಿಲ್ಲೆ, ತಾಲೂಕುಗಳಾಗಿ ವಿಂಗಡಿಸಿದ. ಇದಕ್ಕೆ ಜಿಲ್ಲಾಬಂದಿ ಎಂದು ಹೆಸರಾಯಿತು. ಜಿಲ್ಲೆಯ ಮೇಲೆ ಅವ್ವಲ್ ತಾಲೂಕದಾರ, ತಾಲೂಕಿನ ಮೇಲೆ ತಹಸೀಲ್ದಾರ. ಹಳ್ಳಿಯಲ್ಲಿ ಮಾತ್ರ ವಂಶಪಾರಂಪರ್ಯವಾಗಿ ಹುದ್ದೆ ಹೊಂದಿದ ಹಳೆಯ ವತನದಾರರೇ ಉಳಿದರು. ಮಾಲಿ ಪಾಟೀಲ ಕಂದಾಯ ಎತ್ತುವವನು, ಪೊಲೀಸ್ ಪಾಟೀಲ ಊರಿನ ಬಂದೋಬಸ್ತು ನೋಡುವವನು, ಕುಲಕರ್ಣಿ ಅಥವಾ ಪಟವಾರಿ ಲೆಕ್ಕ ಬರೆಯುವವನು. ಇವರ ಕೈಕೆಳಗೆ ತಳವಾರ, ಓಲೆಕಾರ. 1880ರ ದಶಕದಲ್ಲಿ ಆಡಳಿತ ಭಾಷೆ ಫಾರಸಿಯಿಂದ ಉರ್ದುವಿಗೆ ಬದಲಾಯಿತು. ಕನ್ನಡ ಮಾತ್ರ ಬಲ್ಲ ಒಕ್ಕಲಿಗನಿಗೆ ಎರಡೂ ಒಂದೇ ಆಗಿತ್ತು.

ಅಂದಿನ ಚಾವಡಿಯಲ್ಲಿ ಒಂದು ಸಾಮಾನ್ಯ ಕೆಲಸ ಹೇಗೆ ನಡೆಯುತ್ತಿತ್ತು ನೋಡಿ. ಒಬ್ಬ ರೈತ ತೀರಿಕೊಂಡಿದ್ದಾನೆ, ಅವನ ಹೊಲ ಮಗನ ಹೆಸರಿಗೆ ಆಗಬೇಕು. ಅದಕ್ಕೆ ಫೌತಿ ಎನ್ನುತ್ತಾರೆ. ಸತ್ತವನ ಹೆಸರು ತೆಗೆದು ಬದುಕಿದ್ದವನ ಹೆಸರು ಬರೆಯುವ ಪಟವಾರಿಯ ಹುದ್ದೆಯೇ ಅವನಿಗೆ ಫೌತಿಯಿಂದ ಬಂದದ್ದು. ಬರೆದದ್ದು ಸರಿಯೋ ತಪ್ಪೋ ರೈತನಿಗೆ ಓದಲು ಬಾರದು. ತಕರಾರು ಇದ್ದರೆ ತಹಸೀಲಿಗೆ ದರಖಾಸ್ತು ಹಾಕಬೇಕು, ಅದನ್ನೂ ಉರ್ದು ಬಲ್ಲವರಿಂದಲೇ ಬರೆಸಬೇಕು. ಫೌತಿ, ಪಹಣಿ, ಖಾತೆ, ತಕರಾರು, ದರಖಾಸ್ತು, ಜಮಾಬಂದಿ: ಇಂದಿಗೂ ಕಂದಾಯ ಕಚೇರಿಯಲ್ಲಿ ಓಡಾಡುವ ಮಾತುಗಳಿವು. ಅಂದು ಅವುಗಳ ಮೇಲೆ ಹಿಡಿತ ಇದ್ದವನ ಕೈಯಲ್ಲೇ ಊರು ಇತ್ತು. ಅವನನ್ನು ಬದಲಿಸುವ ಯಾವ ಹಕ್ಕೂ ಊರಿಗೆ ಇರಲಿಲ್ಲ.

ಇಷ್ಟೂ ನೇರ ಸರ್ಕಾರದ, ಅಂದರೆ ದಿವಾನಿ ಹಳ್ಳಿಗಳ ಮಾತು. ರಾಜ್ಯದ ಸುಮಾರು ಮೂರನೇ ಒಂದು ಪಾಲು ನೆಲ ಜಾಗೀರದಾರರು, ಪಾಯಗಾ ಎಂಬ ಶ್ರೀಮಂತ ಮನೆತನಗಳು, ಸಂಸ್ಥಾನಿಕರ ಕೈಯಲ್ಲಿತ್ತು. ರಾಯಚೂರು ಜಿಲ್ಲೆಯ ಒಳಗೇ ಗದ್ವಾಲ, ಆನೆಗೊಂದಿ, ಗುರುಗುಂಟಾ ಸಂಸ್ಥಾನಗಳಿದ್ದವು. ಇನ್ನೊಂದು ಪಾಲು ಸರ್ಫ್-ಎ-ಖಾಸ್, ನಿಜಾಮರ ಸ್ವಂತ ಖರ್ಚಿಗೆ ಮೀಸಲಾದ ಭೂಮಿ. ಜಾಗೀರು ಹಳ್ಳಿಯ ರೈತನಿಗೆ ತಹಸೀಲ್ದಾರನೂ ದೂರ, ಜಾಗೀರದಾರನ ಮನೆಯೇ ಸರ್ಕಾರ.

ಹೈದರಾಬಾದಿನಲ್ಲಿ ಸಭೆಗಳೇ ಇರಲಿಲ್ಲ ಎಂದಲ್ಲ. 1893ರಲ್ಲಿ ‘ಕಾನೂನ್‌ಚಾ-ಎ-ಮುಬಾರಕ್’ ಎಂಬ ಆಜ್ಞೆಯ ಮೂಲಕ ಒಂದು ಶಾಸನ ಪರಿಷತ್ತು ಹುಟ್ಟಿತು. 1919ರಲ್ಲಿ ಕಾರ್ಯಕಾರಿ ಮಂಡಲಿ ಬಂತು, ಸರ್ ಅಲಿ ಇಮಾಂ ಅದರ ಮೊದಲ ಅಧ್ಯಕ್ಷರಾದರು. ಅರವಮುದು ಅಯ್ಯಂಗಾರ್ ಸಮಿತಿಯ ವರದಿ ಆಧರಿಸಿ 1939ರಲ್ಲಿ ಸುಧಾರಣೆಗಳು ಪ್ರಕಟವಾದವು. ಆ ಯೋಜನೆಯಲ್ಲಿ ಊರು, ಕ್ಷೇತ್ರದ ಲೆಕ್ಕದಲ್ಲಿ ಪ್ರತಿನಿಧಿಗಳಿರಲಿಲ್ಲ. ಜಾಗೀರದಾರರು, ವ್ಯಾಪಾರಿಗಳು, ವಕೀಲರು, ಒಕ್ಕಲಿಗರು ಹೀಗೆ ಕಸುಬು ಮತ್ತು ಹಿತಾಸಕ್ತಿಗಳ ಲೆಕ್ಕದಲ್ಲಿ ಸ್ಥಾನಗಳು. ಮಂತ್ರಿಗಳು ಆ ಸಭೆಗೆ ಉತ್ತರ ಕೊಡಬೇಕಾಗಿರಲಿಲ್ಲ, ನಿಜಾಮರಿಗೆ ಮಾತ್ರ ಕೊಟ್ಟರೆ ಸಾಕಿತ್ತು. ಜವಾಬ್ದಾರಿ ಸರ್ಕಾರ ಬೇಕೆಂದು ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮೇಲೆ 1938ರಲ್ಲೇ ನಿಷೇಧ ಬಿದ್ದಿತ್ತು. ಆ ಕಾಲದ ಹೋರಾಟಗಾರರು ಹಿಡಿದ ಪದ ಇದೇ: ಜವಾಬ್ದಾರಿ ಸರ್ಕಾರ. ಸಂಸದೀಯ ಪದ್ಧತಿಯ ತಿರುಳನ್ನು ಕನ್ನಡದಲ್ಲಿ ಎರಡೇ ಮಾತಿನಲ್ಲಿ ಹೇಳಿದ್ದು ಅವರು.

ಆ ತಿರುಳು ಯುರೋಪಿನಲ್ಲೂ ಸುಮ್ಮನೆ ಸಿಕ್ಕಿದ್ದಲ್ಲ. ಇಂಗ್ಲೆಂಡಿನಲ್ಲಿ ಸಂಸತ್ತು ಬೆಳೆದದ್ದು ರಾಜನ ನೆರಳಿನಲ್ಲೇ. ರಾಜನನ್ನು ತೆಗೆದುಹಾಕಿದ ಮೇಲೆ ಅದೇ ಸಂಸತ್ತನ್ನು ನಡೆಸುವುದು ಹೇಗೆ, ರಾಜನ ಜಾಗದಲ್ಲಿ ಕೂರುವ ಅಧ್ಯಕ್ಷನಿಗೆ ಎಷ್ಟು ಅಧಿಕಾರ ಎಂಬ ಪ್ರಶ್ನೆ ಫ್ರಾನ್ಸಿನಲ್ಲಿ ಎದ್ದಿತು. 1877ರ ಮೇ ತಿಂಗಳಲ್ಲಿ ಅಧ್ಯಕ್ಷ ಮ್ಯಾಕ್‌ಮಹೋನ್ ಸಂಸತ್ತಿನ ಬಹುಮತವನ್ನು ಲೆಕ್ಕಿಸದೆ ತನಗೆ ಬೇಕಾದವರ ಮಂತ್ರಿಮಂಡಲ ಕಟ್ಟಿದ, ಆಮೇಲೆ ಕೆಳಮನೆಯನ್ನೂ ವಿಸರ್ಜಿಸಿದ. ಚುನಾವಣೆಯಲ್ಲಿ ಜನ ಗಣರಾಜ್ಯದ ಪಕ್ಷದವರನ್ನೇ ಮತ್ತೆ ಗೆಲ್ಲಿಸಿದರು. ವರ್ಷ ಮುಗಿಯುವುದರೊಳಗೆ ಅಧ್ಯಕ್ಷ ಮಣಿದ, 1879ರಲ್ಲಿ ರಾಜೀನಾಮೆ ಕೊಟ್ಟ. ಅಲ್ಲಿಂದ ಮುಂದೆ ಅಧ್ಯಕ್ಷನದು ಅಂಕಿತ, ಅಧಿಕಾರ ಮಂತ್ರಿಮಂಡಲದ್ದು ಎಂಬ ನಡಾವಳಿ ಅಲ್ಲಿ ಗಟ್ಟಿಯಾಯಿತು. 1919ರಲ್ಲಿ ಜರ್ಮನಿಯ ವೈಮರ್ ಸಂವಿಧಾನ ಅಧ್ಯಕ್ಷನ ಕೈಗೆ ತುರ್ತು ಅಧಿಕಾರಗಳನ್ನು ಧಾರಾಳವಾಗಿ ಕೊಟ್ಟಿತು. 1930ರ ನಂತರ ಸಂಸತ್ತನ್ನು ಬದಿಗಿಟ್ಟು ಆಜ್ಞೆಗಳ ಮೇಲೆಯೇ ರಾಜ್ಯ ನಡೆಯಿತು, ಆ ಬಾಗಿಲಿನಿಂದಲೇ ಹಿಟ್ಲರ್ ಒಳಗೆ ಬಂದ. ಭಾರತಕ್ಕೆ ಹತ್ತಿರದ ಮಾದರಿ ಕಂಡದ್ದು ಐರ್ಲೆಂಡಿನಲ್ಲಿ. ಅದೂ ಇಂಗ್ಲಿಷರ ಕೈಯಿಂದ ಬಿಡಿಸಿಕೊಂಡ ದೇಶ. 1937ರಲ್ಲಿ ಅದು ತನ್ನ ಜನರ ಮತ ಪಡೆದು ಹೊಸ ಸಂವಿಧಾನ ಮಾಡಿಕೊಂಡಿತ್ತು.

ಆ ಮಾದರಿಯನ್ನು ಹತ್ತಿರದಿಂದ ನೋಡಲು ಹೋದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು. 1887ರಲ್ಲಿ ಜನಿಸಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಕಲಿತು, ಮದರಾಸು ಮತ್ತು ಕೇಂಬ್ರಿಜ್‌ನಲ್ಲಿ ಓದಿ, ಐಸಿಎಸ್ ಸೇರಿ, ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. 1946ರಲ್ಲಿ ಸಂವಿಧಾನ ಸಭೆಗೆ ಸಲಹೆಗಾರರಾದರು. 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಸುತ್ತಿ ಅಲ್ಲಿನ ನ್ಯಾಯಮೂರ್ತಿಗಳನ್ನೂ ರಾಜಕಾರಣಿಗಳನ್ನೂ ಕಂಡರು. ಡಬ್ಲಿನ್‌ನಲ್ಲಿ ಐರ್ಲೆಂಡಿನ ಪ್ರಧಾನಿ ಏಮನ್ ಡಿ ವಲೇರಾ ಅವರನ್ನು ಭೇಟಿಯಾದರು. ಐರಿಶ್ ಸಂವಿಧಾನದಿಂದ ನಮ್ಮ ಸಂವಿಧಾನ ತೆಗೆದುಕೊಂಡ ಮೂರು ಸಂಗತಿಗಳನ್ನು ಶಾಲೆಯ ಮಕ್ಕಳೂ ಬಾಯಿಪಾಠ ಮಾಡುತ್ತಾರೆ: ರಾಜ್ಯ ನೀತಿಯ ನಿರ್ದೇಶಕ ತತ್ವಗಳು, ರಾಷ್ಟ್ರಪತಿಯನ್ನು ಆರಿಸುವ ರೀತಿ, ರಾಜ್ಯಸಭೆಗೆ ಕಲೆ, ಸಾಹಿತ್ಯ, ವಿಜ್ಞಾನ, ಸಮಾಜಸೇವೆಯ 12 ಮಂದಿಯನ್ನು ನಾಮಕರಣ ಮಾಡುವ ಕ್ರಮ.

ನರಸಿಂಗರಾಯರು ಡಬ್ಲಿನ್‌ನಲ್ಲಿದ್ದ ಆ ಚಳಿಗಾಲದಲ್ಲಿ ರಾಯಚೂರು ಸೀಮೆಯ ಸ್ಥಿತಿ ಬೇರೆಯೇ ಇತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಿರಲಿಲ್ಲ. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರ ಮುಂದಾಳುತನದಲ್ಲಿ ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ರಂದು ‘ಭಾರತಕ್ಕೆ ಸೇರಿ’ ಚಳವಳಿ ಆರಂಭಿಸಿತ್ತು. ನವೆಂಬರ್ 29ರಂದು ಭಾರತಕ್ಕೂ ಹೈದರಾಬಾದಿಗೂ ಯಥಾಸ್ಥಿತಿ ಒಪ್ಪಂದ ಆಯಿತು. ಆದರೂ ನಿಜಾಮರ ಪರವಾಗಿ ನಿಂತ ರಜಾಕಾರರೆಂಬ ಖಾಸಗಿ ಪಡೆಯ ಹಾವಳಿ ನಿಲ್ಲಲಿಲ್ಲ. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಹೋರಾಟದ ಶಿಬಿರ ನಡೆಸುತ್ತಿದ್ದರು. ದೆಹಲಿಯ ಸಂವಿಧಾನ ಸಭೆಯಲ್ಲಿ ಮೈಸೂರು ಸಂಸ್ಥಾನದಿಂದ ಕೆ. ಹನುಮಂತಯ್ಯ, ಕೆ.ಸಿ. ರೆಡ್ಡಿ ಮೊದಲಾದ ಏಳು ಮಂದಿ ಇದ್ದರು. ಮುಂಬಯಿ ಪ್ರಾಂತದಿಂದ ಎಸ್. ನಿಜಲಿಂಗಪ್ಪ, ಆರ್.ಆರ್. ದಿವಾಕರ ಇದ್ದರು. ಹೈದರಾಬಾದಿನ ಪಾಲಿನ ಆಸನಗಳು ಖಾಲಿ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯದೊಳಗೆ ನುಗ್ಗಿತು, 17ರಂದು ನಿಜಾಮರು ಶರಣಾದರು. ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ಎರಡು ತಿಂಗಳ ನಂತರ, ನವೆಂಬರ್ 22ರಂದು, ಸಂವಿಧಾನ ಸಭೆಯಲ್ಲಿ ಒಂದು ತಿದ್ದುಪಡಿ ಬಂತು. ಮಂಡಿಸಿದವರು ಕೆ. ಸಂತಾನಂ. ಸರ್ಕಾರ ಗ್ರಾಮ ಪಂಚಾಯಿತಿಗಳನ್ನು ಕಟ್ಟಿ, ಅವು ಸ್ವಯಂ ಆಡಳಿತದ ಘಟಕಗಳಾಗಿ ಕೆಲಸ ಮಾಡಲು ಬೇಕಾದ ಅಧಿಕಾರ ಕೊಡಬೇಕು ಎಂಬುದು ಅದರ ಸಾರ. ಐರ್ಲೆಂಡಿನಿಂದ ಬಂದ ನಿರ್ದೇಶಕ ತತ್ವಗಳ ಭಾಗದಲ್ಲಿ, 40ನೇ ವಿಧಿಯಾಗಿ ಅದು ಸೇರಿತು.

ಆ ವಿಧಿ ಸಲೀಸಾಗಿ ಬಂದದ್ದಲ್ಲ. ಅದೇ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತಾ ಡಾ. ಅಂಬೇಡ್ಕರ್ ಹಳ್ಳಿಯನ್ನು ಸಂಕುಚಿತತೆಯ, ಅಜ್ಞಾನದ, ಕೋಮುಭಾವನೆಯ ಗೂಡು ಎಂಬರ್ಥದಲ್ಲಿ ಕಟುವಾಗಿ ಮಾತಾಡಿದ್ದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಮೂಲ ಘಟಕವಾಗಿ ಹಿಡಿದದ್ದು ಸಂತೋಷ ಎಂದಿದ್ದರು. ಹಲವು ಸದಸ್ಯರಿಗೆ ಇದು ನೋವು ತಂದಿತು. ಮರುವರ್ಷ ಕೆ. ಹನುಮಂತಯ್ಯ ಬೇರೊಂದು ಮಾತಿನಲ್ಲಿ ತಮ್ಮ ಬೇಸರ ಹೇಳಿದರು: ನಮಗೆ ಬೇಕಾಗಿದ್ದದ್ದು ವೀಣೆಯ ನಾದ, ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬುದು ಅವರ ಅಭಿಪ್ರಾಯ.

ಈ ಎರಡು ಮಾತುಗಳನ್ನು ಮಸರಕಲ್ ಸೀಮೆಯಿಂದ ನಿಂತು ಕೇಳಬೇಕು. ಹನುಮಂತಯ್ಯನವರ ಬೇಸರಕ್ಕೆ ಆಧಾರವಿತ್ತು. ಅವರ ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ನಡೆದಿತ್ತು, ಸ್ವಂತದ್ದು ಎನ್ನಬಹುದಾದ ಒಂದು ರಾಗ ಅಲ್ಲಿ ಇತ್ತು. ದೇವದುರ್ಗದ ಕಡೆ ಹಳೆಯ ಊರಸಭೆಯ ನೆನಪು ಹುಡುಕಿದರೆ ಸಿಗುವುದು ಗಬ್ಬೂರಿನಂಥ ಕಲ್ಯಾಣ ಚಾಲುಕ್ಯರ ಕಾಲದ ಅಗ್ರಹಾರದ ಮಹಾಜನರು. ಆ ಮಹಾಜನರ ಸಾಲಿನಲ್ಲಿ ಬೇಡನಿಗೂ ಹೊಲೆಯ ಮಾದಿಗರಿಗೂ ಹೆಂಗಸರಿಗೂ ಜಾಗ ಇರಲಿಲ್ಲ. ಅದರ ನಂತರ ಬಂದದ್ದು ವತನದಾರರ ಚಾವಡಿ. ಇಲ್ಲಿನ ಮುಕ್ಕಾಲು ಮಂದಿಗೆ ಯುರೋಪಿನ ಪದ್ಧತಿ ಮೊದಲ ಸಲ ಕೊಟ್ಟ ವಸ್ತು ಒಂದಿತ್ತು: ಊರಿನಿಂದ, ಜಾತಿಯಿಂದ, ಮನೆತನದಿಂದ ಬಿಡಿಸಿ ಎಣಿಸುವ ಒಂದು ಓಟು.

ಓಟಿಗೆ ಮೊದಲು ಬಂದದ್ದು ಜಾಗೀರು ರದ್ದತಿ. 1949ರ ಫೆಬ್ರವರಿಯಲ್ಲಿ ಸರ್ಫ್-ಎ-ಖಾಸ್ ಭೂಮಿ ಸರ್ಕಾರಕ್ಕೆ ಸೇರಿತು. ಆಗಸ್ಟ್ 15ರಂದು ಜಾಗೀರು ರದ್ದತಿಯ ಕಾನೂನು ಜಾರಿಯಾಯಿತು. ಹೈದರಾಬಾದಿನ ರೂಢಿಯಂತೆ ಆ ಕಾನೂನಿನ ಹೆಸರಿನಲ್ಲಿರುವುದು ಫಸಲಿ ವರ್ಷ, 1358. ಮಿಲಿಟರಿ ಗವರ್ನರ್ ಹೊರಡಿಸಿದ ಆಜ್ಞೆ ಅದು, ಯಾವ ಸಭೆಯೂ ಚರ್ಚಿಸಿದ್ದಲ್ಲ. 1949ರ ನವೆಂಬರ್ 23ರಂದು ನಿಜಾಮರು ಒಂದು ಫರ್ಮಾನು, ಅಂದರೆ ರಾಜಾಜ್ಞೆ, ಹೊರಡಿಸಿದರು: ಭಾರತದ ಸಂವಿಧಾನವೇ ಹೈದರಾಬಾದಿನ ಸಂವಿಧಾನ. ಮೂರು ದಿನ ಕಳೆದು, 26ರಂದು, ದೆಹಲಿಯಲ್ಲಿ ಸಂವಿಧಾನ ಅಂಗೀಕಾರವಾಯಿತು. ಉಳಿದ ಭಾರತದ ಪರವಾಗಿ ಕೈ ಎತ್ತಲು ಪ್ರತಿನಿಧಿಗಳಿದ್ದರು. ಮಸರಕಲ್ಲಿನ ಜನ ಗಣರಾಜ್ಯದ ಪ್ರಜೆಗಳಾದದ್ದು ಒಬ್ಬ ದೊರೆಯ ಫರ್ಮಾನಿನಿಂದ.

ಅದೇ ವರ್ಷ ಏಪ್ರಿಲ್ 18ರಂದು ನಮಗೆ ಮಾದರಿಯಾಗಿದ್ದ ಐರ್ಲೆಂಡ್ ಬ್ರಿಟಿಷ್ ದೊರೆಯ ಕೊನೆಯ ಎಳೆಯನ್ನೂ ಕಡಿದುಕೊಂಡು ಗಣರಾಜ್ಯ ಎಂದು ಘೋಷಿಸಿಕೊಂಡಿತ್ತು, ಕಾಮನ್‌ವೆಲ್ತಿನಿಂದಲೂ ಹೊರಬಂದಿತ್ತು. ಭಾರತ ಮಾತ್ರ ಬೇರೆ ದಾರಿ ಹಿಡಿಯಿತು: ಹತ್ತು ದಿನ ಕಳೆದು ಲಂಡನ್ನಿನಲ್ಲಿ ಆದ ಒಪ್ಪಂದದಂತೆ ಭಾರತ ಗಣರಾಜ್ಯವಾಗಿಯೂ ಕಾಮನ್‌ವೆಲ್ತಿನಲ್ಲಿ ಉಳಿಯುವುದೆಂದು ತೀರ್ಮಾನವಾಯಿತು.

1950ರ ಜನವರಿ 26ರಂದು ನಿಜಾಮರು ಹೈದರಾಬಾದ್ ರಾಜ್ಯದ ರಾಜಪ್ರಮುಖರು, ಅಂದರೆ ರಾಜ್ಯಪಾಲರಂಥ ವಿಧ್ಯುಕ್ತ ಮುಖ್ಯಸ್ಥರು, ಆದರು. ಹೆಸರು ದೊಡ್ಡದಿತ್ತು, ಅಧಿಕಾರ ಅಂಕಿತಕ್ಕೆ ಇಳಿದಿತ್ತು. ಎಪ್ಪತ್ತು ವರ್ಷದ ಹಿಂದೆ ಮ್ಯಾಕ್‌ಮಹೋನ್ ಕಲಿತ ಪಾಠವನ್ನು ಹೈದರಾಬಾದಿನ ದೊರೆ ಈಗ ಕಲಿಯಬೇಕಾಗಿ ಬಂತು. ಮಂತ್ರಿಗಳನ್ನು ತನ್ನ ಇಚ್ಛೆಯಂತೆ ಇಡುತ್ತಿದ್ದ, ತೆಗೆಯುತ್ತಿದ್ದ ಕೈ ಇನ್ನು ಮುಂದೆ ಮಂತ್ರಿಗಳು ಕಳಿಸಿದ ಕಾಗದಕ್ಕೆ ಸಹಿ ಹಾಕಬೇಕಿತ್ತು.

1951–52ರ ಮೊದಲ ಮಹಾಚುನಾವಣೆ ಇಂದಿನ ಹಾಗಿರಲಿಲ್ಲ. ಮತಗಟ್ಟೆಯ ಪರದೆಯ ಹಿಂದೆ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಚಿಹ್ನೆ ಅಂಟಿಸಿರುತ್ತಿತ್ತು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳದು ಮರ. ಮತದಾರ ಚೀಟಿಯ ಮೇಲೆ ಏನನ್ನೂ ಬರೆಯಬೇಕಾಗಿರಲಿಲ್ಲ, ಮುದ್ರೆ ಒತ್ತಬೇಕಾಗಿರಲಿಲ್ಲ. ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಇಳಿಬಿಟ್ಟರೆ ಮುಗಿಯಿತು. ಪಟವಾರಿಯ ಕಡತ ಓದಲಾರದ ರೈತ ಜೋಡೆತ್ತನ್ನು ಓದಬಲ್ಲವನಾಗಿದ್ದ. ಬೆರಳಿಗೆ ಶಾಯಿ ಹಚ್ಚುವುದು ಆಗಲೇ ಇತ್ತು. ದೇಶದಾದ್ಯಂತ ಲಕ್ಷಗಟ್ಟಲೆ ಹೆಂಗಸರು ಪಟ್ಟಿಯಲ್ಲಿ ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹೆಸರಿಲ್ಲದ ನಮೂದುಗಳನ್ನು ತೆಗೆದುಹಾಕಿಸಿದರು. ಮುಂದಿನ ಸಲ ಹೆಂಗಸರು ತಮ್ಮ ಹೆಸರಿನಲ್ಲೇ ಬರಲಿ ಎಂಬುದು ಆಶಯ.

ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ 93 ಗೆದ್ದಿತು. 1952ರ ಮಾರ್ಚ್‌ನಲ್ಲಿ ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ತೆಲುಗು, ಮರಾಠಿ, ಕನ್ನಡ, ಉರ್ದು ಮಾತಾಡುವ ಶಾಸಕರು ಒಂದೇ ಮನೆಯಲ್ಲಿ ಕೂತರು. ಆ ಮೇ ತಿಂಗಳಲ್ಲಿ ದೇಶದ ಮೊದಲ ರಾಷ್ಟ್ರಪತಿ ಚುನಾವಣೆ ನಡೆಯಿತು. ಚುನಾಯಿತ ಸಂಸದರ ಜೊತೆಗೆ ಎಲ್ಲ ರಾಜ್ಯಗಳ ಚುನಾಯಿತ ಶಾಸಕರೂ ಮತದಾರರು. 1, 2, 3 ಎಂದು ಆದ್ಯತೆಯ ಅಂಕಿ ಬರೆಯುವ ಆ ಕ್ರಮ ನರಸಿಂಗರಾಯರು ನೋಡಿಬಂದ ಐರ್ಲೆಂಡಿನದು. ರಾಯಚೂರು ಜಿಲ್ಲೆಯ ಜನ ಕಳಿಸಿದ ಶಾಸಕರೂ ರಾಜೇಂದ್ರ ಪ್ರಸಾದರು ನಿಂತಿದ್ದ ಆ ಚುನಾವಣೆಯ ಮತದಾರರಾಗಿದ್ದರು. ನಾಲ್ಕು ವರ್ಷದ ಹಿಂದೆ ತಮ್ಮ ದೊರೆ ಯಾರಾಗಬೇಕೆಂದು ಇದೇ ಜನರನ್ನು ಕೇಳುವವರು ಯಾರೂ ಇರಲಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡ ಪ್ರದೇಶ ಮೈಸೂರು ರಾಜ್ಯಕ್ಕೆ ಬಂತು, ರಾಯಚೂರಿನ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ರಾಜಪ್ರಮುಖರ ಹುದ್ದೆ ದೇಶದಲ್ಲೇ ಇಲ್ಲವಾಯಿತು. ರಾಯಚೂರಿನ ಶಾಸಕರು ಹೈದರಾಬಾದಿನ ರೈಲು ಬಿಟ್ಟು ಬೆಂಗಳೂರಿನ ರೈಲು ಹಿಡಿದರು. ಸಾಲಾರ್ ಜಂಗನ ಕಾಲದಲ್ಲೂ ಅಲುಗದೆ ಉಳಿದಿದ್ದ ಹಳ್ಳಿಯ ವತನದಾರಿಕೆಗೆ ಕೊನೆ ಹೇಳಿದ್ದು ಈ ಹೊಸ ರಾಜ್ಯದ ಶಾಸನಸಭೆ: 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ, 1963ರಲ್ಲಿ ಜಾರಿ. ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ ಹುದ್ದೆಗಳು ಹೋಗಿ ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಹುದ್ದೆ ಹೋಯಿತು, ಅಡ್ಡಹೆಸರು ಉಳಿಯಿತು.

40ನೇ ವಿಧಿ ಮಾತ್ರ ಬಹುಕಾಲ ಆಶಯವಾಗಿಯೇ ಇತ್ತು. ನಿರ್ದೇಶಕ ತತ್ವಗಳನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯುವ ಹಾಗಿಲ್ಲ, ಈ ನಿಯಮವೂ ಐರ್ಲೆಂಡಿನದೇ. 1959ರ ಮೈಸೂರು ಕಾಯ್ದೆ ಗ್ರಾಮ ಪಂಚಾಯಿತಿ, ತಾಲೂಕು ಬೋರ್ಡುಗಳನ್ನು ಕಟ್ಟಿತು, ಅವುಗಳ ಕೈಗೆ ಹಣ ಬರಲಿಲ್ಲ. ಆ ವಿಧಿಗೆ ಜೀವ ಬಂದದ್ದು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ, ಅಬ್ದುಲ್ ನಜೀರ್ ಸಾಬರ ಕೈಯಲ್ಲಿ. ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿ ಹಾಕಿಸಿ ‘ನೀರ್ ಸಾಬ್’ ಎಂದು ಹೆಸರಾದವರು ಅವರು. 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ ಶೇ 25 ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಅವ್ವಲ್ ತಾಲೂಕದಾರನಿಂದ ಜಿಲ್ಲಾಧಿಕಾರಿಯವರೆಗೆ ಸವೆಯದೆ ಬಂದ ಮೇಲರಿಮೆಯನ್ನು ಚುನಾಯಿತ ಪ್ರತಿನಿಧಿಯ ಕೆಳಗೆ ಇಟ್ಟದ್ದು ಆಗ.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ, ಅದರ ಹಿಂದೆ ಕರ್ನಾಟಕದ ಆ ಅನುಭವವೂ ಇತ್ತು. ಅದೇ ಮೇ ತಿಂಗಳಲ್ಲಿ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಬಂತು, ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ. ಹೆಂಗಸರ ಮೀಸಲು ಮೊದಲು ಮೂರನೇ ಒಂದು, 2010ರಿಂದ ಅರ್ಧ.

ಮಸರಕಲ್‌ನಂಥ ಪಂಚಾಯಿತಿಯನ್ನು ಹತ್ತಿರದಿಂದ ನೋಡಿದರೆ ಸಂಸತ್ತಿನ ಮೈಕಟ್ಟೇ ಕಾಣುತ್ತದೆ. ಸುಮಾರು ನಾಲ್ಕು ನೂರು ಜನಸಂಖ್ಯೆಗೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆ ಇಲ್ಲ, ಆಟೋರಿಕ್ಷಾ, ಹೊಲಿಗೆ ಯಂತ್ರದಂಥ ಬಿಡಿ ಚಿಹ್ನೆಗಳು. ಅಧ್ಯಕ್ಷರನ್ನು ಊರು ನೇರವಾಗಿ ಆರಿಸುವುದಿಲ್ಲ, ಪ್ರಧಾನಿಯನ್ನು ದೇಶ ನೇರವಾಗಿ ಆರಿಸದ ಹಾಗೆ. ಸದಸ್ಯರ ಬೆಂಬಲ ಹೋದರೆ ಅವಿಶ್ವಾಸ ನಿರ್ಣಯ. ಲೋಕಸಭೆಯಲ್ಲಿ ಸರಳ ಬಹುಮತಕ್ಕೆ ಸರ್ಕಾರ ಬಿದ್ದರೆ, ಪಂಚಾಯಿತಿಯಲ್ಲಿ ಮೂರನೇ ಎರಡು ಪಾಲು ಸದಸ್ಯರು ಬೇಕು. ಬೇಕೆಂದಾಗಲೆಲ್ಲ ಅಧ್ಯಕ್ಷರನ್ನು ಉರುಳಿಸಬಾರದು ಎಂಬ ಎಚ್ಚರ ಇದು. ವೈಮರ್‌ನ ಪತನ ನೋಡಿದ ಜರ್ಮನಿ 1949ರ ತನ್ನ ಸಂವಿಧಾನದಲ್ಲಿ ಇದೇ ಎಚ್ಚರವನ್ನು ಬೇರೆ ರೀತಿಯಲ್ಲಿ ಇಟ್ಟುಕೊಂಡಿತು: ಹೊಸ ಚಾನ್ಸಲರನ್ನು ಆರಿಸದೆ ಹಳಬರನ್ನು ಇಳಿಸುವಂತಿಲ್ಲ. 1982ರಲ್ಲಿ ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದದ್ದು ಹಾಗೆ.

ಎಲ್ಲವೂ ನೆಟ್ಟಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗ್ರಾಮ ಪಂಚಾಯಿತಿಯ ಸದಸ್ಯ ಸ್ಥಾನಗಳನ್ನು ದೇವಸ್ಥಾನದ ಕಟ್ಟೆಯ ಮೇಲೆ ಹರಾಜು ಹಾಕಿ ಅವಿರೋಧ ಆಯ್ಕೆ ಎಂದು ತೋರಿಸಿದ ಸುದ್ದಿಗಳು 2020ರ ಚುನಾವಣೆಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಬಂದವು, ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹೆಂಡತಿ ಅಧ್ಯಕ್ಷೆಯಾಗಿದ್ದು ಗಂಡ ಕುರ್ಚಿಯಲ್ಲಿ ಕೂರುವುದನ್ನು ಯಾವ ತಾಲೂಕಿನಲ್ಲೂ ಕಾಣಬಹುದು. ಅಂಬೇಡ್ಕರ್ ಅಂದು ಹೇಳಿದ ಹಳ್ಳಿ ಇನ್ನೂ ಅಲ್ಲೇ ಇದೆ, ಅವರು ಕೊಟ್ಟ ಓಟು ಕೂಡ ಅಲ್ಲೇ ಇದೆ. ಎರಡರ ನಡುವಿನ ಜಗ್ಗಾಟ ಪ್ರತಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಒಂದು ಕಾಲಕ್ಕೆ ಸುರಪುರವನ್ನು ಆಳಿದ, ನಂತರ ಬಡತನಕ್ಕೆ ಬಿದ್ದ ಬೇಡ ನಾಯಕ ಸಮುದಾಯ 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಇಂದು ದೇವದುರ್ಗ ವಿಧಾನಸಭಾ ಕ್ಷೇತ್ರವೂ ರಾಯಚೂರು ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೆ ಮೀಸಲು. 2023ರಲ್ಲಿ ದೇವದುರ್ಗದಿಂದ ಗೆದ್ದವರು ಜೆಡಿಎಸ್‌ನ ಕರೆಮ್ಮ ನಾಯಕ.

ಓಟು ಬಂದರೂ ಪಾಲು ಬರಲಿಲ್ಲ ಎಂಬ ಕೊರಗು ಈ ಸೀಮೆಯಲ್ಲಿ ದಶಕಗಟ್ಟಲೆ ಬೆಳೆಯಿತು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆ ಪಟ್ಟಿಯ ತಳದಲ್ಲಿದ್ದದ್ದು ದೇವದುರ್ಗ. ಪಕ್ಕದ ತೆಲಂಗಾಣ ಭಾಗಕ್ಕೆ 1973ರಲ್ಲೇ ನೌಕರಿ, ಶಿಕ್ಷಣದಲ್ಲಿ ಸ್ಥಳೀಯರಿಗೆ ಪಾಲು ಕೊಡುವ 371ಡಿ ವಿಧಿಯ ಆಸರೆ ಸಿಕ್ಕಿತ್ತು. ಒಂದೇ ನಿಜಾಮರ ಕೆಳಗೆ ಇದ್ದ ನಮಗೇಕಿಲ್ಲ ಎಂದು ವೈಜನಾಥ ಪಾಟೀಲರು ವರ್ಷಗಟ್ಟಲೆ ಹೋರಾಟ ನಡೆಸಿದರು. ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ದೆಹಲಿಯಲ್ಲಿ ಒತ್ತಾಯ ತಂದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಒಪ್ಪಿತು, ಜನವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಸೇರಿಸಿದ 371ಜೆ ವಿಧಿಯಡಿ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಉಳಿದ ಸಂಸ್ಥೆಗಳಲ್ಲಿ ಶೇ 8 ಸೀಟುಗಳು ಇಲ್ಲಿನ ಮಕ್ಕಳಿಗೆ ಮೀಸಲಾದವು. ಸರ್ಕಾರಿ ನೌಕರಿಯಲ್ಲೂ ಪಾಲು ಬಂತು.

1949ರಲ್ಲಿ ಸಂವಿಧಾನ ಈ ನೆಲಕ್ಕೆ ಬಂದದ್ದು ಫರ್ಮಾನಿನ ಮೂಲಕ. ಅದೇ ಸಂವಿಧಾನದಲ್ಲಿ ಈ ನೆಲದ ಹೆಸರಿನ ಒಂದು ವಿಧಿ ಸೇರಿದ್ದು ಅರವತ್ತಮೂರು ವರ್ಷದ ನಂತರ, ಸಂಸತ್ತಿನ ಎರಡೂ ಮನೆಗಳ ಮತದಾನದಿಂದ. ಅಂದು ಖಾಲಿಯಿದ್ದ ಆಸನಗಳಲ್ಲಿ ಈ ಸಲ ಈ ಭಾಗದ ಸಂಸದರು ಕೂತಿದ್ದರು.

ಈಗ ಮೆಡಿಕಲ್ ಸೀಟಿಗೆ ಅರ್ಜಿ ಹಾಕುವ ದೇವದುರ್ಗದ ಹುಡುಗಿ ತಹಸೀಲ್ದಾರ ಕಚೇರಿಯಿಂದ 371ಜೆ ಪ್ರಮಾಣಪತ್ರ ತರುತ್ತಾಳೆ. ಅರ್ಜಿ ಕನ್ನಡದಲ್ಲಿರುತ್ತದೆ, ಹಾಕಿದ್ದಕ್ಕೆ ರಸೀದಿ ಸಿಗುತ್ತದೆ. ಅವಳ ಊರು ಜಾಗೀರ ಜಾಡಲದಿನ್ನಿ ಆಗಿದ್ದರೆ ಪ್ರಮಾಣಪತ್ರದಲ್ಲಿ ಜಾಗೀರ ಎಂಬ ಪದವೂ ಇರುತ್ತದೆ. ಆ ಊರಿನ ಪಂಚಾಯಿತಿ ಕಚೇರಿಯ ಫಲಕದ ಮೇಲೂ ಅದೇ ಹೆಸರು: ಗ್ರಾಮ ಪಂಚಾಯಿತಿ, ಜಾಗೀರ ಜಾಡಲದಿನ್ನಿ.